ಹಿಂಸೆ ಆಗ್ತಿದೆ

ಮದುವೆ ಮನೆಯ ಎರಡನೇ ಪಂಕ್ತಿಗೆ ಹೋಳಿಗೆ ಬಂತು. ಎದುರು ಸಾಲಿನ ಹಿರಿಯರೊಬ್ಬರು ಎರಡೂ ಅಂಗೈ ಹರಡಿ ಎಲೆ ಮುಚ್ಚಿಕೊಂಡು, “ಸಾಕು ಅಂದೆನಲ್ಲಮ್ಮ, ಹಿಂಸೆ ಮಾಡಬೇಡ” ಎಂದರು. ಬಡಿಸುತ್ತಿದ್ದಾಕೆ ಬಿಡಲಿಲ್ಲ. “ಒಂದೇ ಒಂದು ಮಾವ, ನನ್ನ ಕೈಯಿಂದ” ಎನ್ನುತ್ತ ಬೆರಳ ಸಂದಿಯಲ್ಲೇ ಹೋಳಿಗೆ ಇಳಿಸಿ, ಮೇಲೆ ತುಪ್ಪವನ್ನೂ ಹಾಕಿ ಮುಂದೆ ಹೋದಳು. ಪಕ್ಕದ ಎಲೆಯ ಹುಡುಗ ತನ್ನ ಗೆಳೆಯನಿಗೆ ಹೇಳಿದ: “ಏನ್ ಟಾರ್ಚರ್ ಮಗಾ ಇದು!”

ಒಂದೇ ಕೆಲಸಕ್ಕೆ ಎರಡು ತಲೆಮಾರಿನ ಎರಡು ಮಾತು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನ ಮಾತಿನ ಮೇಲೆ ಇದೆ. ಟಾರ್ಚರ್ ಎಂದರೆ ಮಾಡುವವನೊಬ್ಬ, ಅನುಭವಿಸುವವನೊಬ್ಬ; ಅಲ್ಲಿಗೆ ಮುಗಿಯಿತು. ನಮ್ಮ ಹಿಂಸೆ ಅಷ್ಟಕ್ಕೇ ನಿಲ್ಲುವುದಿಲ್ಲ. ಬಿಗಿಯಾದ ಚಪ್ಪಲಿ ಹಿಂಸೆ, ಮೇ ತಿಂಗಳ ಸೆಕೆ ಹಿಂಸೆ, ಮುಖದೆದುರೇ ಹೊಗಳುವವರ ನಡುವೆ ಕೂರುವುದು ಹಿಂಸೆ. “ಅವರ ಹತ್ತಿರ ದುಡ್ಡು ಕೇಳೋಕೆ ಹಿಂಸೆ ಆಗುತ್ತೆ” ಎನ್ನುತ್ತೇವೆ. “ಅವಳಿಗೆ ಹಾಗೆ ಅಂದುಬಿಟ್ಟೆ, ಆಮೇಲೆ ಮನಸ್ಸಿಗೆ ತುಂಬ ಹಿಂಸೆ ಆಯ್ತು” ಎನ್ನುತ್ತೇವೆ. ಈ ಕೊನೆಯ ಎರಡು ಮಾತುಗಳನ್ನು ಗಮನಿಸಿ. ಕೇಳುವವನಿಗೇ ಹಿಂಸೆ, ಅಂದವಳಿಗೇ ಹಿಂಸೆ. ಪೆಟ್ಟು ಮೊದಲು ತಗಲುವುದು ಕೊಡುವವನಿಗೆ ಎಂಬ ತಿಳಿವಳಿಕೆ ಈ ಬಳಕೆಯೊಳಗೆ ಕೂತಿದೆ.

ಈ ಪದದ ಸಂಸ್ಕೃತ ಧಾತು ಯಾವುದು ಎಂಬ ವಿಚಾರಕ್ಕೆ ಹೋಗುವುದಿಲ್ಲ. ನಿಘಂಟು ತೆರೆದರೆ ಸಿಗುತ್ತದೆ. ನಿಘಂಟಿನಲ್ಲಿ ಸಿಗದ ಒಂದು ಊಹೆ ನನ್ನದಿದೆ. ಹಿಂದಿಯವರು ಇಂಥ ಕಡೆ ‘ಪರೇಶಾನ್’ ಎನ್ನುತ್ತಾರೆ, ‘ತಂಗ್’ ಎನ್ನುತ್ತಾರೆ. ಅವರ ‘ಹಿಂಸಾ’ ಹೋಳಿಗೆಯ ತಟ್ಟೆಯವರೆಗೆ ಇಳಿಯುವುದಿಲ್ಲ. ಇಳಿದಿರುವುದು ದಕ್ಷಿಣದಲ್ಲಿ. ತಮಿಳಿನಲ್ಲಿ ‘ಇಮ್ಸೈ’ ಎಂದರೆ ಕಾಟವೇ. ವಡಿವೇಲು ನಾಯಕನಾಗಿದ್ದ 2006ರ ಚಿತ್ರದ ಹೆಸರಿನಲ್ಲೇ ಅದಿದೆ: ‘ಇಮ್ಸೈ ಅರಸನ್ 23ಆಮ್ ಪುಲಿಕೇಸಿ’, ಕಾಟದ ದೊರೆ ಇಪ್ಪತ್ತಮೂರನೇ ಪುಲಿಕೇಶಿ. ಕನ್ನಡಕ್ಕೂ ತಮಿಳಿಗೂ ಆದಿಯಲ್ಲಿ ದೊಡ್ಡ ಕಾವ್ಯಗಳನ್ನು ಕೊಟ್ಟವರಲ್ಲಿ ಜೈನರು ಮುಂದಿದ್ದವರು. ಪಂಪ, ಪೊನ್ನ, ರನ್ನ ಮೂವರೂ ಜೈನರು. ಶತಮಾನಗಟ್ಟಲೆ ಬಸದಿಯಲ್ಲಿ ಕೇಳಿದ ಮಾತು ಅಡುಗೆಮನೆಗೆ ಬಂದಿತು, ಬರುವಾಗ ಅದರ ಅಗಲವನ್ನೂ ತಂದಿತು ಎಂಬುದು ನನ್ನ ಊಹೆ. ಯಾಕೆಂದರೆ ಹಿಂಸೆಯನ್ನು ಇಷ್ಟು ಅಗಲವಾಗಿ ಕಂಡವರು ಜೈನರೇ. ಮನಸ್ಸು, ಮಾತು, ಮೈ ಮೂರರಿಂದಲೂ ಆಗುವ ಹಿಂಸೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಮೂರೂ ಹಿಂಸೆ. ಗೃಹಸ್ಥನ ಪಾಲಿಗೆ ಅವರು ಮಾಡಿದ ವಿಂಗಡಣೆಯೂ ಸೂಕ್ಷ್ಮವಾದದ್ದು. ಒಲೆ ಹಚ್ಚುವಾಗ, ಮನೆ ಗುಡಿಸುವಾಗ ಆಗುವುದು ಆರಂಭೀ. ಕಸುಬಿನಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವನನ್ನು ಎದುರಿಸುವಾಗ ಆಗುವುದು ವಿರೋಧೀ. ಬೇಕೆಂದೇ ಮಾಡುವುದು ಸಂಕಲ್ಪೀ. ಈ ನಾಲ್ಕನೆಯದನ್ನು ಗೃಹಸ್ಥನೂ ಬಿಡಲೇಬೇಕು.

ಸಂಕಲ್ಪದ ಮಾತು ಬಂದರೆ ಜನ್ನನಿಗೆ ಹೋಗದೆ ಇರಲಾಗದು. ಹೊಯ್ಸಳ ವೀರಬಲ್ಲಾಳನ ಕಾಲದ ಕವಿ, 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಉಜ್ಜಯಿನಿಯ ಯಶೋಧರ ಒಂದು ರಾತ್ರಿ ತನ್ನ ರಾಣಿ ಅಮೃತಮತಿ ವಿಕಾರರೂಪದ ಮಾವುತನ ಬಳಿ ಹೋಗುವುದನ್ನು ಕಾಣುತ್ತಾನೆ. ಕತ್ತಿ ಎತ್ತುತ್ತಾನೆ, ತಡೆದುಕೊಂಡು ಹಿಂತಿರುಗುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ಕೆಟ್ಟ ಕನಸು ಕಂಡೆನೆಂದು ಸುಳ್ಳು ಹೇಳುತ್ತಾನೆ. ಕನಸಿನ ದೋಷ ಕಳೆಯಲು ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ತೆಗೆಯಲಾರೆ ಎನ್ನುತ್ತಾನೆ ಮಗ. ಕೊನೆಗೆ ಇಬ್ಬರೂ ನಡುದಾರಿಗೆ ಬರುತ್ತಾರೆ: ಹಿಟ್ಟಿನ ಕೋಳಿ. ಕತ್ತಿ ಬೀಸಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ರಾಣಿ ಇಬ್ಬರಿಗೂ ವಿಷವಿಟ್ಟು ಕೊಲ್ಲುತ್ತಾಳೆ. ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ, ಸತ್ತು, ಮತ್ತೆ ಮತ್ತೆ ಪ್ರಾಣಿಜನ್ಮ ಸುತ್ತಿ, ಕೊನೆಗೆ ಕೋಳಿಗಳೇ ಆಗಿ ಬಾಣಕ್ಕೆ ಬೀಳುತ್ತಾರೆ.

ತರ್ಕಶಾಸ್ತ್ರದ ಪಾಠ ಮಾಡುವವರು ‘ನಾನು ಹೇಳುತ್ತಿರುವುದು ಸುಳ್ಳು’ ಎಂಬ ಗ್ರೀಕರ ಒಗಟಿನಿಂದಲೇ ಶುರು ಮಾಡುತ್ತಾರೆ. ಕನ್ನಡದ ಹುಡುಗರಿಗೆ ಹಿಟ್ಟಿನ ಕೋಳಿಯಿಂದ ಶುರು ಮಾಡಬಾರದೇಕೆ? ಅದು ಬರೀ ಹಿಟ್ಟಾಗಿದ್ದರೆ ದೇವಿಗೆ ಬಲಿ ಸಂದಿಲ್ಲ. ಬಲಿಯಾಗಿ ಸಲ್ಲುವಷ್ಟು ಅದು ಕೋಳಿಯಾಗಿದ್ದರೆ ಪಾಪಕ್ಕೂ ಅಷ್ಟೇ ಕೋಳಿ. ಕೊಂದಿಲ್ಲ ಎಂದು ಹೇಳಿ ಪುಣ್ಯವನ್ನೂ, ಕೊಂದೆ ಎಂದು ಹೇಳಿ ವರವನ್ನೂ ಪಡೆಯಲು ಬರುವುದಿಲ್ಲ. ನನಗೆ ಇನ್ನೂ ಒಂದು ಕಾಣುತ್ತದೆ. ರಾತ್ರಿ ಒರೆಗೆ ಹೋದ ಕತ್ತಿಯೇ ಹಗಲು ಹಿಟ್ಟಿನ ಮೇಲೆ ಬಿದ್ದದ್ದು. ತಡೆದ ಕೈ ತಡೆದಿತ್ತು, ಕೊಲ್ಲುವ ಮನಸ್ಸು ಹೋಗಿರಲಿಲ್ಲ. ಗಿರೀಶ ಕಾರ್ನಾಡರು ಇದೇ ಕಥೆಯಿಂದ ‘ಹಿಟ್ಟಿನ ಹುಂಜ’ ನಾಟಕ ಬರೆದದ್ದು ಸುಮ್ಮನೆ ಅಲ್ಲ.

ಇದಕ್ಕೆ ಸರಿ ಎದುರಾದ ಘಟನೆ 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ನಡೆಯಿತು. ಒಂದು ಕರು ಬದುಕುವ ಆಸೆಯಿಲ್ಲದೆ ನರಳುತ್ತಿತ್ತು. ಮಗ್ಗುಲು ಬದಲಿಸುವುದೂ ಅದಕ್ಕೆ ಕಷ್ಟವಾಗಿತ್ತು. ಗಾಂಧಿ ವೈದ್ಯರನ್ನು ಕರೆಸಿ ತಮ್ಮ ಎದುರೇ ವಿಷದ ಇಂಜೆಕ್ಷನ್ ಕೊಡಿಸಿದರು. ಎರಡು ನಿಮಿಷದೊಳಗೆ ಮುಗಿಯಿತು. ತಾನು ಮಾಡಿದ್ದು ಅಹಿಂಸೆಯೇ ಎಂದು ಅವರು ಬರೆದರು. ಕೋಪದ ಪತ್ರಗಳು ಬಂದು ಬಿದ್ದವು. ಉಜ್ಜಯಿನಿಯಲ್ಲಿ ಜೀವ ಹೋಗಲಿಲ್ಲ, ಹಿಂಸೆಯಾಯಿತು. ಸಾಬರಮತಿಯಲ್ಲಿ ಜೀವ ಹೋಯಿತು, ಹಿಂಸೆಯಾಗಲಿಲ್ಲ. ಈ ಎರಡನ್ನೂ ಒಟ್ಟಿಗೆ ಒಪ್ಪಬಹುದೇ? ಸುಮಾರು ಹತ್ತನೇ ಶತಮಾನದ ಜೈನಾಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಆಗಲೇ ಒಪ್ಪಿದ್ದರು. ಹಿಂಸೆ ಮಾಡದೆಯೂ ಒಬ್ಬ ಅದರ ಫಲ ಉಣ್ಣುತ್ತಾನೆ, ಮಾಡಿಯೂ ಇನ್ನೊಬ್ಬ ಉಣ್ಣುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ.

ಕರುವಿನ ಬಗ್ಗೆ ಬರೆದ ಅದೇ ಬರಹದಲ್ಲಿ ಗಾಂಧಿ ಬೆಳೆ ಹಾಳು ಮಾಡುವ ಮಂಗಗಳ ಪ್ರಶ್ನೆಯನ್ನೂ ಎತ್ತಿಕೊಂಡರು. ಅವನ್ನು ಕೊಂದರೆ ಅದು ಹಿಂಸೆಯೇ, ಏಕೆಂದರೆ ಲಾಭ ನಮ್ಮದು, ಮಂಗನದಲ್ಲ ಎಂದರು. ಮಲೆನಾಡಿನಲ್ಲಿ ಅಡಿಕೆ ಬಾಳೆ ಬೆಳೆಯುವವರು ಇವತ್ತು ಹೇಳುವುದೂ ಇದೇ ಪದದಲ್ಲಿ: “ಮಂಗನ ಹಿಂಸೆ ತಡೆಯೋಕಾಗ್ತಿಲ್ಲ.” ಎಳೆ ಕಾಯಿ ಕಿತ್ತು ರಸ ಹೀರಿ ಬಿಸಾಡಿದ ತೋಟದ ನಡುವೆ ನಿಂತವನಿಗೆ ಅಹಿಂಸೆಯ ಒಗಟು ಪುಸ್ತಕದ್ದಲ್ಲ. ಅವನಿಗೆ ಉತ್ತರ ಬೇಕು, ನಾವು ಕೊಟ್ಟಿಲ್ಲ.

ಇಲ್ಲಿ ಒಂದು ಗಾದೆ. ಮೂರು ರೂಪದಲ್ಲಿ ಕೇಳಿದ್ದೇನೆ. ‘ಹಾವೂ ಸಾಯಬೇಕು, ಕೋಲೂ ಮುರಿಯಬಾರದು’ ಎಂಬುದು ಒಂದು. ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂಬುದು ಇನ್ನೊಂದು. ‘ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ’ ಎಂಬುದು ಮೂರನೆಯದು, ಕೆಲಸ ಕೆಟ್ಟಾಗ ಹೇಳುವುದು. ಎರಡನೆಯ ರೂಪವನ್ನು ಹಲವರು ತಪ್ಪು ಎನ್ನುತ್ತಾರೆ. ಸಾಯಬಾರದು ಎಂದಿದ್ದರೆ ಕೋಲು ಎತ್ತಿದ್ದೇಕೆ ಎಂಬುದು ಅವರ ಆಕ್ಷೇಪ. ಇಬ್ಬರನ್ನೂ ಮೆಚ್ಚಿಸುವ ರಾಜಕಾರಣಿಯ ಜಾಣತನಕ್ಕೆ ಈ ಗಾದೆಯನ್ನು ಕಟ್ಟಿಬಿಟ್ಟಿರುವುದರಿಂದ ಅದರ ಮರ್ಯಾದೆ ಇನ್ನಷ್ಟು ಹೋಗಿದೆ.

ಆಕ್ಷೇಪಿಸುವವರು ರಾತ್ರಿ ಹೊತ್ತು ಗದ್ದೆಗೆ ನೀರು ಕಟ್ಟಲು ಹೋಗುವವನನ್ನು ನೋಡಬೇಕು. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕೋಲು. ಬದುವಿನ ಮೇಲೆ ಹೆಜ್ಜೆಗೊಂದು ಸಲ ಕೋಲು ಕುಟ್ಟುತ್ತ ಹೋಗುತ್ತಾನೆ. ಹಾವಿಗೆ ಹೊರಗಿವಿಯಿಲ್ಲ, ನೆಲದ ಅದುರು ತಿಳಿಯುತ್ತದೆ. ತಿಳಿದು ಸರಿದು ಹೋಗುತ್ತದೆ. ಹಾವು ಉಳಿಯಿತು, ಕೋಲು ಉಳಿಯಿತು, ಕಾಲೂ ಉಳಿಯಿತು. ಅಂಗಳಕ್ಕೆ ಬಂದ ಹಾವನ್ನು ಕೋಲಿನ ತುದಿಯಲ್ಲಿ ಎತ್ತಿ ಬೇಲಿಯಾಚೆ ಬಿಟ್ಟುಬರುವವರೂ ನಮ್ಮಲ್ಲಿದ್ದಾರೆ. ಕೋಲಿಗೆ ಬಡಿಯುವ ಕೆಲಸ ಒಂದೇ ಎಂದುಕೊಂಡವರಿಗೆ ಮಾತ್ರ ಎರಡನೇ ಗಾದೆ ವಿರೋಧಾಭಾಸ. ನನಗೆ ಮೂರರಲ್ಲಿ ಅದೇ ಮೂಲ ಅನ್ನಿಸುತ್ತದೆ. ಮೊದಲನೆಯದು ಆತುರದವರು ತಿದ್ದಿದ್ದು, ಮೂರನೆಯದು ಕೈಲಾಗದವರದು.

ಕೈಲಾಗದವರನ್ನು ಗಾಂಧಿಯೂ ತಮ್ಮ ಪಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ. ಹೇಡಿತನ, ಹಿಂಸೆ ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಹಿಂಸೆಯನ್ನೇ ಹೇಳುತ್ತೇನೆ ಎಂಬರ್ಥದಲ್ಲಿ 1920ರ ‘ಯಂಗ್ ಇಂಡಿಯಾ’ದಲ್ಲಿ ಬರೆದರು. ಅವರ ಕೈಯಲ್ಲೂ ಕೋಲಿತ್ತು. 1930ರ ಮಾರ್ಚ್ 12ರಂದು ದಂಡಿಗೆ ಹೊರಟಾಗ ಹಿಡಿದಿದ್ದ ಆ ಕೋಲು ಮಂಜೇಶ್ವರದ ಗೋವಿಂದ ಪೈಗಳು ಗಾಂಧಿಯ ಒಡನಾಡಿ ಕಾಕಾ ಕಾಲೇಲ್ಕರರಿಗೆ ಕೊಟ್ಟದ್ದು, ಕಾಲೇಲ್ಕರರು ಗಾಂಧಿಗೆ ಕೊಟ್ಟದ್ದು. ಕನ್ನಡ ಕವಿಯ ಕೋಲು ಏಪ್ರಿಲ್ 6ರಂದು ಉಪ್ಪು ತೆಗೆಯುವ ಕಡಲತೀರದವರೆಗೆ ನೆಲ ಕುಟ್ಟುತ್ತ ನಡೆಯಿತು. ಯಾರ ಮೇಲೂ ಬೀಳಲಿಲ್ಲ.

ಇನ್ನೊಂದು ತೊಡಕಿದೆ, ಅದನ್ನು ದಾಟಿ ಹೋಗಬಾರದು. 1932ರ ಕರನಿರಾಕರಣೆಯಲ್ಲಿ ಸಿದ್ದಾಪುರ ಸೀಮೆಯ ರೈತರ ಜಮೀನು ಜಪ್ತಿಯಾಗಿ ಹರಾಜಾಯಿತು. ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಯಾರಿಗೂ ಕೈ ಎತ್ತಲಿಲ್ಲ. ಆದರೆ ಒಳಗಿದ್ದವರು? ಹೊಸ್ತಿಲಾಚೆ ಹಸಿದ ಹೆಂಗಸರು ಕೂತಿರುವಾಗ ತುತ್ತು ಇಳಿಯುತ್ತದೆಯೇ? ಮನೆಮಾತಿನ ಅರ್ಥದಲ್ಲಿ ಅದು ಹಿಂಸೆಯೇ. ಬಾಗಿಲಲ್ಲಿ ಧರಣಿ ಕೂತು ದೇವರ ಕೋಪದ ಹೆದರಿಕೆ ಹುಟ್ಟಿಸುವುದನ್ನು 1860ರ ದಂಡಸಂಹಿತೆ 508ನೇ ಕಲಮಿನಲ್ಲಿ ಉದಾಹರಣೆ ಸಮೇತ ಅಪರಾಧವೆಂದಿತ್ತು. 1932ರ ಸೆಪ್ಟೆಂಬರಿನಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡವೆಂದು ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತಾಗ ಅಂಬೇಡ್ಕರ್ ಪೂನಾ ಒಪ್ಪಂದಕ್ಕೆ ಸಹಿ ಹಾಕಿದರು. ಆ ಉಪವಾಸವನ್ನು ಬಲವಂತವೆಂದೇ ಕಂಡರು, ಮುಂದೆ ಕಟುವಾಗಿಯೇ ಬರೆದರು. ಅಂಬೇಡ್ಕರರ ಆಕ್ಷೇಪ ನನಗೆ ನ್ಯಾಯವೆನಿಸುತ್ತದೆ. ಮಾವಿನಗುಂಡಿಯವರು ಕಳೆದುಕೊಂಡದ್ದನ್ನು ವಾಪಸು ಕೇಳಿದರು. ಪೂನಾದಲ್ಲಿ, ಎಂದೂ ಏನೂ ಪಡೆಯದವರು ಬಿಟ್ಟುಕೊಡಬೇಕಾಯಿತು. ಉಪವಾಸ ಅಹಿಂಸೆಯೋ ಅಲ್ಲವೋ ಎಂದು ತೀರ್ಮಾನಿಸುವ ಮೊದಲು ಅದರ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂದು ನೋಡಬೇಕು.

ಅಹಿಂಸೆ ಈ ಕಾಲಕ್ಕೆ ನಡೆಯುವುದಿಲ್ಲ ಎನ್ನುವವರಿಗೆ ಒಂದು ಲೆಕ್ಕ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಹೋರಾಟಗಳನ್ನು ಪರಿಶೀಲಿಸಿ 2011ರಲ್ಲಿ ಪುಸ್ತಕ ತಂದರು. ಅಹಿಂಸೆಯ ಹಾದಿಯವು ನೂರಕ್ಕೆ 53ರಷ್ಟು ಗೆದ್ದಿದ್ದವು, ಆಯುಧ ಹಿಡಿದವು 26ರಷ್ಟು. 2010ರ ನಂತರ ಅಹಿಂಸಾ ಹೋರಾಟಗಳ ಗೆಲುವು ಇಳಿಯುತ್ತಿದೆ ಎಂದೂ ಚೆನೊವೆತ್ ಅವರೇ ಆಮೇಲೆ ಬರೆದರು. ನಮ್ಮ ಕಣ್ಣೆದುರಿನದನ್ನೇ ನೋಡಿ. 2020ರ ನವೆಂಬರಿನಲ್ಲಿ ದೆಹಲಿಯ ಗಡಿಗೆ ಬಂದ ರೈತರು ಚಳಿ, ಮಳೆ, ಬಿಸಿಲು ದಾಟಿ ವರ್ಷಕ್ಕೂ ಹೆಚ್ಚು ಕಾಲ ಕೂತರು. 2021ರ ಜನವರಿ 26ರಂದು ಕೆಂಪುಕೋಟೆಯಲ್ಲಿ ಗಲಭೆಯಾದ ದಿನ ಅವರ ಮಾತಿನ ತೂಕ ಕಡಿಮೆಯಾಯಿತು. ಮತ್ತೆ ಕೂತು ಅದನ್ನು ಗಳಿಸಿದರು. ನವೆಂಬರಿನಲ್ಲಿ ಅವರು ವಿರೋಧಿಸಿದ್ದ ಮೂರು ಕೃಷಿ ಕಾಯ್ದೆಗಳು ರದ್ದಾದವು.

ಲೆಕ್ಕ ಏನೇ ಹೇಳಲಿ, ಅಹಿಂಸೆ ಉಳಿಯುವುದು ಗೆಲುವಿನ ಸಂಖ್ಯೆಯಿಂದಲ್ಲ. ಸಣ್ಣ ನೋವನ್ನೂ ಹಿಂಸೆ ಎಂದು ಗುರುತಿಸುವ ಭಾಷೆ ಇರುವವರೆಗೆ ಅದು ಉಳಿಯುತ್ತದೆ. ಆ ಭಾಷೆಯೇ ಈಗ ಕೆಡುತ್ತಿದೆ ಎಂಬುದು ನನ್ನ ದೂರು. ಮನೆಯಲ್ಲಿ ಹಿಂಸೆ ಹೋಗಿ ಟಾರ್ಚರ್ ಬಂತು, ಇರಿಟೇಷನ್ ಬಂತು. ಪತ್ರಿಕೆ ತೆರೆದರೆ ನಿಜವಾದ ಹಿಂಸೆಗೆ ‘ಅಹಿತಕರ ಘಟನೆ’ ಎಂಬ ಹೊದಿಕೆ. ಅಂಗಡಿ ಮುಚ್ಚಿಸಿ, ಬಸ್ಸು ತಡೆದು, ದಿನಗೂಲಿಯವನ ಒಂದು ದಿನದ ಅನ್ನ ಕಿತ್ತ ಬಂದ್ ‘ಶಾಂತಿಯುತ’. ಎಲ್ಲಕ್ಕಿಂತ ನನ್ನನ್ನು ಕೆಣಕುವುದು ‘ಲಘು ಲಾಠಿ ಪ್ರಹಾರ’. ಅದೂ ಕೋಲೇ. ಬೀಸಿದವನಿಗೆ ಲಘುವಿರಬಹುದು, ಬಿದ್ದ ಬೆನ್ನನ್ನು ಯಾರೂ ಕೇಳಿರುವುದಿಲ್ಲ. ಹಿಟ್ಟಿನ ಕೋಳಿಯ ಲೆಕ್ಕದಲ್ಲಿ ಇದು ಇನ್ನೂ ಕೆಟ್ಟದ್ದು. ಅಲ್ಲಿ ಹಿಟ್ಟನ್ನು ಕೋಳಿ ಎಂದರು, ಇಲ್ಲಿ ಕೋಳಿಯನ್ನು ಹಿಟ್ಟು ಎನ್ನುತ್ತಿದ್ದೇವೆ.

ಸುದ್ದಿಮನೆಯ ಗೆಳೆಯರಲ್ಲಿ ಒಂದು ಕೋರಿಕೆ. ‘ಲಘು’ ತೆಗೆಯಿರಿ. ಲಾಠಿ ಬೀಸಿದರು ಎಂದಷ್ಟೇ ಬರೆಯಿರಿ, ಎಷ್ಟು ಜನಕ್ಕೆ ಪೆಟ್ಟಾಯಿತು ಎಂದು ಕೇಳಿ ಬರೆಯಿರಿ. ಓದುಗರಲ್ಲಿ ಇನ್ನೊಂದು: ಮಕ್ಕಳೆದುರು ಟಾರ್ಚರ್ ಎನ್ನಬೇಡಿ, ಹಿಂಸೆ ಎನ್ನಿ. ಯಾರಾದರೂ ಎಲೆಯ ಮೇಲೆ ಕೈ ಮುಚ್ಚಿ ಹಿಂಸೆ ಆಗುತ್ತದೆ ಎಂದರೆ ದಯವಿಟ್ಟು ಬಡಿಸಬೇಡಿ.