ದಾರಿಯ ಕೊಳ್ಳಿದೆವ್ವ

ಇರುಳಿನಲ್ಲಿ ಒಬ್ಬನೇ ಬರುವ ದಾರಿಹೋಕನಿಗೆ ದೂರದಲ್ಲೊಂದು ಬೆಂಕಿ ಕಾಣುವುದು. ಹತ್ತಿರ ಹೋದರೆ ಹಿಂದೆ ಸರಿಯುವುದು. ನಮ್ಮ ಹಿರಿಯರು ಇದನ್ನು ಕೊಳ್ಳಿದೆವ್ವವೆಂದರು. ಜೌಗು ನೆಲದಲ್ಲಿ ಕೊಳೆತ ವಸ್ತುಗಳಿಂದ ಏಳುವ ಅನಿಲವೇ ಹೀಗೆ ಹೊತ್ತಿಕೊಳ್ಳುವುದೆಂದು ವಿಜ್ಞಾನಿಗಳ ಊಹೆ.

ಐರ್ಲೆಂಡಿನ ಹಾದಿಗಳಲ್ಲಿಯೂ ಇಂಥದೇ ದೀಪವುಂಟು. ಸ್ವರ್ಗ ನರಕಗಳೆರಡರಲ್ಲೂ ಪ್ರವೇಶ ಸಿಗದೆ ಅಲೆಯುವ ಜಾಕನ ಕಂದೀಲು ಅದೆಂದು ಅಲ್ಲಿಯ ಕಥೆ. ಇಂಥವು ಮರೆಯಾಗದಿರಲೆಂದು ಆ ದೇಶವು 1935ರಲ್ಲಿ ಜಾನಪದ ಆಯೋಗವನ್ನು ಸ್ಥಾಪಿಸಿತು. 1937ರಿಂದ 1939ರವರೆಗೆ ಸುಮಾರು 5,000 ಶಾಲೆಗಳ ಮಕ್ಕಳು ಊರ ಹಿರಿಯರಿಂದ ಕೇಳಿದ ಕಥೆಗಳನ್ನು ಬರೆದರು. ಆ ಸಂಗ್ರಹ ಡಬ್ಲಿನ್ನಿನಲ್ಲಿ ಇಂದಿಗೂ ಭದ್ರವಾಗಿದೆ.

ಕಲಬುರಗಿಯ ಮಗ್ಗುಲಿನ ಕುಸನೂರಿನಲ್ಲಿಯೂ ಶಾಲೆಯ ಮಕ್ಕಳು ಈ ಕೆಲಸ ಮಾಡಬಲ್ಲರು. ಕಥೆಯೊಡನೆ ಹೇಳಿದವರ ವಯಸ್ಸು, ಹಾದಿಯ ಹೆಸರು, ಕಂಡ ಕಾಲ ಇವನ್ನೂ ಗುರುತಿಸಬೇಕು. ದೆವ್ವವನ್ನು ನಂಬಬೇಕಾಗಿಲ್ಲ, ಹಿರಿಯರ ಮಾತನ್ನು ಅವರಿರುವಾಗಲೇ ಬರೆದುಕೊಂಡರೆ ಸಾಕು.