ತೋಪು ಹಾರಿದ ಮೇಲೆ

ಪೇಶ್ವೆಯರ ಪುಣೆಯಲ್ಲಿ ರಾತ್ರಿ 10 ಗಂಟೆಗೆ ಒಂದು ತೋಪು ಹಾರುತ್ತಿತ್ತು. ಅದಾದ ಮೇಲೆ ಬೀದಿಯಲ್ಲಿ ಸಿಕ್ಕವರನ್ನು ಗಸ್ತಿನವರು ಹಿಡಿದು ಕೂಡಿಹಾಕುತ್ತಿದ್ದರು. ಬೆಳಗಾದ ಮೇಲೆ ಕೊತ್ವಾಲ ವಿಚಾರಿಸಿ ಬಿಟ್ಟರೆ ಮನೆಗೆ ಹೋಗಬಹುದಿತ್ತು. ಮರಾಠರ ಸೇನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಹೆನ್ರಿ ಟೋನ್ ಎಂಬ ಐರಿಷ್ ಅಧಿಕಾರಿ 1790ರ ದಶಕದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ನಿಯಮ ಎಷ್ಟು ಬಿಗಿಯೆಂದರೆ, ಹೊತ್ತಲ್ಲದ ಹೊತ್ತಿನಲ್ಲಿ ಹೊರಗಿದ್ದ ತಪ್ಪಿಗೆ ಸ್ವತಃ ಪೇಶ್ವೆಯೇ ಒಂದಿಡೀ ರಾತ್ರಿ ಬಂಧನದಲ್ಲಿ ಕಳೆದದ್ದುಂಟು ಎಂದೂ ಸೇರಿಸಿದ್ದಾನೆ. ಈ ಎರಡನೆಯ ಮಾತು ಊರವರು ಹೊಸಬನಿಗೆ ಹೇಳಿ ನಕ್ಕ ಕಥೆಯಂತೆ ಕೇಳಿಸುತ್ತದೆ. ಆದರೆ ರಾತ್ರಿ ಯಾರದು ಎಂಬ ಪ್ರಶ್ನೆಗೆ ಆ ಊರು ಕೊಟ್ಟಿದ್ದ ಉತ್ತರ ಅದರಲ್ಲಿ ಸ್ಪಷ್ಟವಾಗಿದೆ: ರಾತ್ರಿ ಕೊತ್ವಾಲನದು.

ಆ ಕೊತ್ವಾಲರಲ್ಲಿ ಹೆಸರು ಉಳಿದಿರುವುದು ಘಾಶೀರಾಮನದು. ನಾನಾ ಫಡ್ನವೀಸರ ಕಾಲದಲ್ಲಿ, 1777ರಿಂದ 1791ರವರೆಗೆ, ಊರಿನ ರಾತ್ರಿ ಅವನ ಕೈಯಲ್ಲಿತ್ತು. 1791ರ ಆಗಸ್ಟಿನಲ್ಲಿ ದಕ್ಷಿಣೆಗೆಂದು ಊರಿಗೆ ಬಂದಿದ್ದ ತೆಲಂಗ ಬ್ರಾಹ್ಮಣರನ್ನು ಅವನ ಜನ ಹಿಡಿದು ಇಕ್ಕಟ್ಟಿನ ಕೋಣೆಯಲ್ಲಿ ತುಂಬಿದರು. ಬೆಳಗಾಗುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಉಸಿರುಕಟ್ಟಿ ಸತ್ತಿದ್ದರು. ಜನ ರೊಚ್ಚಿಗೆದ್ದು ಕೊತ್ವಾಲನನ್ನೇ ಕಲ್ಲು ಹೊಡೆದು ಕೊಂದರು. ವಿಜಯ ತೆಂಡೂಲ್ಕರರ 1972ರ ನಾಟಕದಿಂದಾಗಿ ಈ ಕಥೆ ದೇಶಕ್ಕೆಲ್ಲ ಗೊತ್ತು. ನಾಟಕದ ಗದ್ದಲದಲ್ಲಿ ಮರೆತುಹೋಗುವ ಸಂಗತಿಯೊಂದಿದೆ: ಅಂದಿನ ಪುಣೆಯಲ್ಲಿ ರಾತ್ರಿ ಹೊರಬಿದ್ದವನು ಕಳ್ಳನಿಗೆ ಎಷ್ಟು ಹೆದರಬೇಕಿತ್ತೋ ಕಾವಲಿನವನಿಗೂ ಅಷ್ಟೇ ಹೆದರಬೇಕಿತ್ತು.

ಅಂಥ ಕಾಲದಲ್ಲಿ ಕೈಯಲ್ಲಿ ಬೆಳಕು ಹಿಡಿಯುವುದರ ಅರ್ಥವೇ ಬೇರೆ. ಸರದಾರನ ಮೇಣೆಯ ಮುಂದೆ ಮಶಾಲ್‌ಚಿ ಓಡುತ್ತಿದ್ದ. ಒಂದು ಕೈಯಲ್ಲಿ ಚಿಂದಿ ಸುತ್ತಿದ ಪಂಜು, ಇನ್ನೊಂದರಲ್ಲಿ ಎಣ್ಣೆಯ ಕುಡಿಕೆ. ಆ ಬೆಳಕು ದಾರಿ ತೋರಿಸಿದ್ದಕ್ಕಿಂತ ಹೆಚ್ಚಾಗಿ ಒಳಗಿರುವವನು ಯಾರೆಂದು ತೋರಿಸುತ್ತಿತ್ತು. ಬೆಳಕಿದ್ದವನು ಮರ್ಯಾದಸ್ಥ, ಇಲ್ಲದವನು ಗುಮಾನಿಯ ಆಸಾಮಿ. ಬೆಳಕು ಹಿಡಿಯುತ್ತಿದ್ದುದು ಕಾಣಲೆಂದಲ್ಲ, ಕಾಣಿಸಿಕೊಳ್ಳಲೆಂದು. ಹಿಡಿದವನಿಗೆ ಸಿಗುತ್ತಿದ್ದುದು ಮಾತ್ರ ಹೊಗೆ ಮತ್ತು ಕೂಲಿ.

ಪದಗಳಲ್ಲೂ ಈ ಚರಿತ್ರೆಯ ಮಸಿ ಹತ್ತಿದೆ. ಕನ್ನಡದ ದೀವಟಿಗೆ, ಮರಾಠಿಯ ದಿವಟಿ ಎರಡೂ ದೀಪದ ಮನೆಯವೇ, ಪ್ರಾಕೃತದ ದಾರಿಯಲ್ಲಿ ಬಂದವು. ಮಶಾಲು ಅರಬ್ಬಿಯದು. ಕಂದೀಲೂ ಅರಬ್ಬಿಯಿಂದಲೇ ಬಂತು. ಅರಬ್ಬಿಯ ಆ ಪದದ ಬೇರು ಲ್ಯಾಟಿನ್ನಿನ ‘ಕ್ಯಾಂಡೆಲಾ’ದಲ್ಲಿದೆ. ಲಾಟೀನು ಹಡಗು ಹತ್ತಿ ಬಂದದ್ದು. ಕರಾವಳಿಯ ತೆಂಗಿನ ಗರಿಯ ಸೂಟೆಗೂ ಮಲೆನಾಡಿನ ದೊಂದಿಗೂ ಯಾರ ಹಂಗೂ ಇಲ್ಲ. ಕೊನೆಗೆ ಬಂದದ್ದು ‘ಬ್ಯಾಟರಿ’. ಇಂಗ್ಲಿಷರು ಟಾರ್ಚ್ ಎಂದು ಹಳೆಯ ಪಂಜಿನ ಹೆಸರನ್ನೇ ಹೊಸ ಯಂತ್ರಕ್ಕಿಟ್ಟರೆ, ಕನ್ನಡದ ಹಳ್ಳಿ ಒಳಗಿನ ಸೆಲ್ಲಿನ ಹೆಸರನ್ನು ಇಡೀ ವಸ್ತುವಿಗೆ ಕೊಟ್ಟುಬಿಟ್ಟಿತು. “ಬ್ಯಾಟರಿ ಬಿಟ್ಟು ನೋಡು” ಎಂದರೆ ಇಂದಿಗೂ ಯಾರಿಗೂ ಗೊಂದಲವಾಗುವುದಿಲ್ಲ. ಬೆಳಕನ್ನು ನಾಯಿಯ ಹಾಗೆ ‘ಬಿಡುವುದು’ ಅದರ ಸೊಗಸು.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿಯಿತು. ದಂಡು ಪ್ರದೇಶದ ಬಂಗಲೆಗಳಲ್ಲಿ ರಾತ್ರಿ ಕಾಯುವ ಕೆಲಸ ರಾಮೋಶಿಗಳದಾಯಿತು. ಕನ್ನಡ ಸೀಮೆಯ ಬೇಡರೊಂದಿಗೆ ನಂಟು ಹೇಳಿಕೊಳ್ಳುವ ಈ ಸಮುದಾಯ ಹಿಂದಿನಿಂದಲೂ ಕೋಟೆ ಮತ್ತು ಹಳ್ಳಿಗಳ ಕಾವಲಿಗೆ ಹೆಸರಾಗಿತ್ತು. ಬ್ರಿಟಿಷರು ಬಂದ ಮೇಲೆ ಆ ಹಕ್ಕು, ಇನಾಮು ಹೋದವು. ಉಮಾಜಿ ನಾಯಕ ಬಂಡೆದ್ದು 1832ರಲ್ಲಿ ಪುಣೆಯಲ್ಲೇ ನೇಣುಗಂಬ ಏರಿದ. ಅದೇ ಜನರನ್ನು ಬಂಗಲೆಯ ದೊರೆಗಳು ಕಾವಲಿಗಿಟ್ಟುಕೊಂಡರು. ರಾಮೋಶಿಗೆ ಸಂಬಳ ಕೊಡದ ಮನೆಯಲ್ಲಿ ಕಳವಾಗುತ್ತದೆ ಎಂದು ಅವರ ಬರಹಗಳಲ್ಲಿ ಗೊಣಗಾಟ ಸಿಗುತ್ತದೆ. ಕಾವಲು ಕಿತ್ತುಕೊಂಡವರೇ ಕಾವಲಿಗೆ ದುಡ್ಡು ಕೊಡಬೇಕಾಯಿತು ಎಂದು ಗೊಣಗುವುದು ವಿಚಿತ್ರ. ಕಂದೀಲು, ಕೋಲು, ಗಂಟೆಗೊಮ್ಮೆ ಒಂದು ಕೂಗು: ಅವನ ಸಾಮಗ್ರಿ ಇಷ್ಟೇ.

ಕೈಬೆಳಕಿನ ಮಿತಿ ಗೊತ್ತಾಗಬೇಕಾದರೆ 1897ರ ಜೂನ್ 22ರ ರಾತ್ರಿಯನ್ನು ನೆನೆಯಬೇಕು. ಪ್ಲೇಗಿನ ವರ್ಷ. ಪ್ಲೇಗು ಸಮಿತಿಯ ಮುಖ್ಯಸ್ಥ ರ‍್ಯಾಂಡ್‌ನ ಸೈನಿಕರು ಮನೆಮನೆ ನುಗ್ಗಿ ಶೋಧಿಸಿದ್ದ ಸಿಟ್ಟು ಊರಲ್ಲಿ ಆರಿರಲಿಲ್ಲ. ರಾಣಿಯ ವಜ್ರಮಹೋತ್ಸವಕ್ಕೆ ಗಣೇಶಖಿಂಡದ ಸರ್ಕಾರಿ ಬಂಗಲೆ, ಇಂದಿನ ವಿಶ್ವವಿದ್ಯಾಲಯದ ಕಟ್ಟಡ, ದೀಪಗಳಲ್ಲಿ ಝಗಝಗಿಸುತ್ತಿತ್ತು. ಹೊರಗಿನ ರಸ್ತೆಯ ಕತ್ತಲೆಯಲ್ಲಿ ಚಾಪೇಕರ್ ಸಹೋದರರು ಕಾದಿದ್ದರು. ಸರಿಯಾದ ಗಾಡಿ ಬಂತೆಂದು ತಿಳಿಸಲು ಅವರು ಬಳಸಿದ್ದು ದೀಪವನ್ನಲ್ಲ, “ಗೊಂಡ್ಯಾ” ಎಂಬ ಒಂದು ಕೂಗನ್ನು. ಏರ್ಸ್ಟ್ ಎಂಬ ಅಧಿಕಾರಿ ಅಲ್ಲೇ ಸತ್ತ. ರ‍್ಯಾಂಡ್ ಜುಲೈ 3ರಂದು ತೀರಿಕೊಂಡ. ಬೆಳಕಿನಿಂದ ಹೊರಬಂದವನ ಕಣ್ಣಿಗೆ ಕತ್ತಲೆ ಕಪ್ಪುಗೋಡೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಆ ಹೊಂದಾಣಿಕೆ ಕೆಡಲು ಒಂದು ಕ್ಷಣ ಸಾಕು. ಇಂದು ಜನ ಆತ್ಮರಕ್ಷಣೆಗೆಂದು ಕೊಳ್ಳುವ ಪುಟ್ಟ ಟಾರ್ಚು ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಆ ಟಾರ್ಚಿನ ಹುಟ್ಟಿಗೆ ಆಗ ಹೆಚ್ಚು ದಿನ ಉಳಿದಿರಲಿಲ್ಲ. 1899ರ ಜನವರಿ 10ರಂದು ಡೇವಿಡ್ ಮಿಸೆಲ್ ಎಂಬಾತನಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು: ಕೊಳವೆಯಲ್ಲಿ ಒಂದರ ಹಿಂದೊಂದು ಸೆಲ್, ತುದಿಯಲ್ಲಿ ಬಲ್ಬು. ರಷ್ಯಾದಿಂದ ವಲಸೆ ಬಂದಿದ್ದ ಕಾನ್ರಾಡ್ ಹ್ಯೂಬರ್ಟ್ ಅದನ್ನು ತಯಾರಿಸಿ ಕೆಲವನ್ನು ನ್ಯೂಯಾರ್ಕಿನ ಪೊಲೀಸರಿಗೆ ಹಂಚಿದ; ಅವರು ಮೆಚ್ಚಿ ಹೇಳಿದ್ದೇ ಜಾಹೀರಾತಾಯಿತು. ಅಂದಿನ ಸೆಲ್ ದುರ್ಬಲ, ನಿರಂತರ ಉರಿಯುತ್ತಿರಲಿಲ್ಲ. ಒತ್ತಿ, ಮಿಂಚಿಸಿ, ಬಿಡಬೇಕು. ಫ್ಲ್ಯಾಶ್‌ಲೈಟ್ ಎಂಬ ಹೆಸರಿನಲ್ಲಿ ಆ ಮಿಂಚು ಉಳಿದುಕೊಂಡಿದೆ.

ಭಾರತದಲ್ಲಿ ಎವರೆಡಿ ಮನೆಮಾತಾಯಿತು. 1958ರಲ್ಲಿ ಲಖನೌದಲ್ಲಿ ಟಾರ್ಚಿನ ಕಾರ್ಖಾನೆ ಬಂತು. ಹಿತ್ತಾಳೆಯ ಮೈಯ ‘ಜೀವನ್ ಸಾಥಿ’ ಹಳ್ಳಿಹಳ್ಳಿ ಹೊಕ್ಕಿತು. ಒಡೆಯ ಕಂಪನಿ ಯೂನಿಯನ್ ಕಾರ್ಬೈಡ್. 1984ರ ಭೋಪಾಲದ ರಾತ್ರಿಯ ಹಿಂದೆ ಇದ್ದದ್ದೂ ಅದೇ ಹೆಸರು ಎಂಬುದು ತಲೆದಿಂಬಿನ ಕೆಳಗೆ ಬ್ಯಾಟರಿ ಇಟ್ಟು ಮಲಗುವವರಿಗೆ ಹೊಳೆದಿರಲಾರದು. ಆ ತಲೆಮಾರಿನ ಮನೆಯಲ್ಲಿ ಮೂರು ಸೆಲ್ಲಿನ ಬ್ಯಾಟರಿ ಯಜಮಾನನ ಸೊತ್ತು. ಹುಡುಗರು ಮುಟ್ಟಿದರೆ “ಸೆಲ್ ವೀಕಾಗತ್ತೆ” ಎಂದು ಗದರಿಕೆ. ಬೆಳಕು ಆಗಲೂ ಒಬ್ಬರ ಕೈಯಲ್ಲಿತ್ತು, ಉಳಿದವರು ಅವರ ಹಿಂದೆ ನಡೆಯುತ್ತಿದ್ದರು.

ಟಾರ್ಚು ಆಯುಧವಾದದ್ದು ಅಮೆರಿಕದಲ್ಲಿ. ಅಲ್ಲಿನ ಪೊಲೀಸರು ಉದ್ದನೆಯ ಅಲ್ಯೂಮಿನಿಯಂ ಟಾರ್ಚುಗಳನ್ನು ದೀಪವಾಗಿಯೂ ದೊಣ್ಣೆಯಾಗಿಯೂ ಬಳಸಿದರು. 2004ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಬ್ಬ ಪೊಲೀಸ್ ಹಾಗೆ ಬಡಿದದ್ದು ಟಿವಿಯಲ್ಲಿ ಕಂಡ ಮೇಲೆ ಇಲಾಖೆ ಹಗುರವಾದ ಚಿಕ್ಕ ಟಾರ್ಚಿಗೆ ಬದಲಾಯಿತು. ಇನ್ನೊಂದು ಕಡೆ, 1980ರ ದಶಕದಲ್ಲೇ ಶ್ಯೂರ್‌ಫೈರ್ ಕಂಪನಿ ಅಂಗೈಯಲ್ಲಿ ಹಿಡಿಯುವ 65 ಲ್ಯೂಮೆನ್ನಿನ ಟಾರ್ಚು ತಂದಿತ್ತು. ಎದುರಿನವನ ಕಣ್ಣು ಕತ್ತಲೆಗಟ್ಟಿಸಲು ಆಗ ಅಷ್ಟು ಸಾಕೆನಿಸಿತ್ತು. 1990ರ ದಶಕದಲ್ಲಿ ನೀಲಿ ಎಲ್‌ಇಡಿ ಬಂತು (ಅದಕ್ಕೆ 2014ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್), ಅದರಿಂದ ಬಿಳಿ ಎಲ್‌ಇಡಿ. ಈಗ ಕೆಲವು ನೂರು ರೂಪಾಯಿಗೂ ‘ಟ್ಯಾಕ್ಟಿಕಲ್’ ಎಂದು ಬರೆದ ಟಾರ್ಚು ಸಿಗುತ್ತದೆ. ಪದ ಸೈನ್ಯದ್ದು, ಕೊಳ್ಳುವವರು ಪಿಜಿಯಿಂದ ಬಸ್ ಸ್ಟಾಪಿಗೆ ನಡೆಯುವವರು.

ಕೊಳ್ಳುವವರು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗುವುದೇ ಹೆಚ್ಚು. ಲ್ಯೂಮೆನ್ ಎಂದರೆ ಒಟ್ಟು ಬೆಳಕು. ಅದು ಒಂದೆಡೆ ಎಷ್ಟು ತೀಕ್ಷ್ಣವಾಗಿ ಬೀಳುತ್ತದೆ ಎಂಬುದನ್ನು ಹೇಳುವುದು ಕ್ಯಾಂಡೆಲಾ, ಕಂದೀಲಿನ ಅದೇ ಹಳೆಯ ಬೇರು. 2009ರಲ್ಲಿ ಅಮೆರಿಕದಲ್ಲಿ ಬಂದ ಎಫ್‌ಎಲ್‌1 ಎಂಬ ಮಾನದಂಡದ ಪ್ರಕಾರ ಟಾರ್ಚಿನ ‘ದೂರ’ ಎಂದರೆ ಅದರ ಬೆಳಕು 0.25 ಲಕ್ಸ್‌ಗೆ, ಹೆಚ್ಚು ಕಡಿಮೆ ಹುಣ್ಣಿಮೆಯ ಬೆಳದಿಂಗಳಿಗೆ, ಇಳಿಯುವ ಜಾಗ. 100 ಮೀಟರ್ ಎಂದು ಬರೆದಿದ್ದರೆ ಅಲ್ಲಿ ನಿಂತವನ ಮುಖ ಕಾಣುವುದಿಲ್ಲ, ಯಾರೋ ನಿಂತಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ಸಾವಿರಾರು ಲ್ಯೂಮೆನ್ನಿನ ಪುಟ್ಟ ಟಾರ್ಚು ಬಿಸಿಯಾಗಿ ಒಂದೆರಡು ನಿಮಿಷದಲ್ಲಿ ತಾನೇ ಮಂಕಾಗುತ್ತದೆ. ರಾತ್ರಿಯ ಓಣಿಗೆ 300ರಿಂದ 500 ಧಾರಾಳ. 18650 ಎಂಬ ಲಿಥಿಯಂ ಸೆಲ್ಲಿನ ಮೇಲೆ 9900 ಎಂಎಎಚ್ ಎಂದು ಮುದ್ರಿಸಿದ್ದರೆ ಅದು ಸುಳ್ಳು. ಒಳ್ಳೆಯ ಸೆಲ್ ಸುಮಾರು 3500ರ ಆಸುಪಾಸಿನದು. ಕಿರಾಣಿ ಅಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ಲಿನ ಟಾರ್ಚಿನ ಬೆಳಕು ಕಡಿಮೆ, ಆದರೆ ಚಾರ್ಜಿನ ಚಿಂತೆ ಇಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಗುಂಡಿ. ಬಾಲದ ತುದಿಯಲ್ಲಿರಬೇಕು, ನೋಡದೆ ಹೆಬ್ಬೆರಳಿಗೆ ಸಿಗಬೇಕು, ಒತ್ತಿದ ತಕ್ಷಣ ಪೂರ್ಣ ಬೆಳಕು ಬರಬೇಕು. ನಾಲ್ಕು ಸಲ ಒತ್ತಿದ ಮೇಲೆ ಬೇಕಾದ ಬೆಳಕು ಕೊಡುವ ಟಾರ್ಚು ಅಪಾಯದ ಹೊತ್ತಿಗೆ ಆಟಿಕೆ. ಚೀಲದಲ್ಲಿ ತಾನೇ ಉರಿಯದಂತೆ ಬಾಲದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಬಹುದು, ನಡೆಯುವ ಮೊದಲು ಬಿಗಿಮಾಡಲು ನೆನಪಿದ್ದರೆ. ನಡೆಯುವಾಗ ಅದು ಇರಬೇಕಾದ್ದು ಕೈಯಲ್ಲಿ, ಚೀಲದ ತಳದಲ್ಲಲ್ಲ. ಮಿಣಮಿಣ ಮಿನುಗುವ ಸ್ಟ್ರೋಬ್‌ಗೆ ಜಾಹೀರಾತಿನಲ್ಲಿ ಇರುವಷ್ಟು ಮಹಿಮೆ ಓಣಿಯಲ್ಲಿ ಇಲ್ಲ. ಪಕ್ಕದ ಗೋಡೆಗೆ ಬಡಿದು ಹಿಡಿದವರ ಕಣ್ಣನ್ನೂ ಕೆಡಿಸುತ್ತದೆ. ಮೊಬೈಲಿನ ದೀಪ ಕಾಲಬುಡಕ್ಕೆ ಸಾಕು, ಆದರೆ 112ಕ್ಕೆ ಕರೆ ಮಾಡಬೇಕಾದ್ದೂ ಅದೇ ಮೊಬೈಲು. ಕಣ್ಣು ಕುಕ್ಕಿದರೆ ಸಿಗುವುದು ಎರಡು ಮೂರು ಸೆಕೆಂಡು. ಆ ಸಮಯ ಓಡಲಿಕ್ಕೆ, ಹೊಡೆದಾಡಲಿಕ್ಕಲ್ಲ. ಅದಕ್ಕೂ ಮೊದಲೇ, ಮೂಲೆಯಲ್ಲಿ ನಿಂತವನ ಮೇಲೆ ದೂರದಿಂದ ಬೆಳಕು ಬಿದ್ದು ಅವನಿಗೆ ತಾನು ಕಂಡೆನೆಂದು ಗೊತ್ತಾದರೆ ಎಷ್ಟೋ ಸಲ ಮುಂದಿನದು ನಡೆಯುವುದೇ ಇಲ್ಲ.

ಆದರೆ ಎಲ್ಲ ಅಪಾಯವೂ ಕತ್ತಲೆಯ ಮೂಲೆಯಲ್ಲಿ ನಿಂತಿರುವುದಿಲ್ಲ. 2007ರ ನವೆಂಬರ್ 1ರ ರಾತ್ರಿ ಪುಣೆಯ ಕಾಲ್ ಸೆಂಟರೊಂದರ ಉದ್ಯೋಗಿ, 22 ವರ್ಷದ ಯುವತಿ, ಪಾಳಿಗೆ ಹೊರಟಳು. ಕರೆದೊಯ್ಯಲು ಬಂದದ್ದು ಕಂಪನಿ ಗೊತ್ತುಮಾಡಿದ್ದ ಕ್ಯಾಬು. ಚಾಲಕ ಮತ್ತು ಅವನ ಗೆಳೆಯ ಅವಳ ಮೇಲೆ ಅತ್ಯಾಚಾರವೆಸಗಿ ಕೊಂದರು. ಅವರಿಗೆ ವಿಧಿಸಿದ್ದ ಮರಣದಂಡನೆಯನ್ನು, ಜಾರಿಯಲ್ಲಾದ ವಿಳಂಬದ ಕಾರಣಕ್ಕೆ, 2019ರಲ್ಲಿ ಬಾಂಬೆ ಹೈಕೋರ್ಟು 35 ವರ್ಷದ ಸೆರೆಗೆ ಇಳಿಸಿತು. ಎರಡು ವರ್ಷ ಮೊದಲು ಬೆಂಗಳೂರಿನಲ್ಲೂ ಇಂಥದೇ ನಡೆದಿತ್ತು. ಯಾವ ಟಾರ್ಚೂ ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಅವಳು ಕತ್ತಲೆಯಲ್ಲಿ ಒಬ್ಬಳೇ ನಡೆಯಲಿಲ್ಲ, ಸುರಕ್ಷಿತವೆಂದು ಹೇಳಿದ ವಾಹನವನ್ನೇ ಹತ್ತಿದ್ದಳು.

ಕಾನೂನು ಮೊದಲು ಕೊಟ್ಟ ಉತ್ತರ ಕೊತ್ವಾಲನ ತೋಪಿನ ಜಾತಿಯದೇ. 1948ರ ಕಾರ್ಖಾನೆ ಕಾಯ್ದೆ ರಾತ್ರಿ ಪಾಳಿಯನ್ನು ಹೆಂಗಸರಿಗೆ ಮುಚ್ಚಿಟ್ಟಿತ್ತು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ರಾತ್ರಿ 9.30ರ ನಂತರವೂ, ಒಪ್ಪಿಗೆ ಇದ್ದರೆ, ದುಡಿಯಲು ಬಿಟ್ಟಿತು. ರಕ್ಷಣೆಯ ಮತ್ತು ಮನೆಬಾಗಿಲಿಗೆ ತಲುಪಿಸುವ ಹೊಣೆಯನ್ನು ಮಾಲೀಕನ ಮೇಲಿಟ್ಟಿತು. ಹೊಣೆ ಕಾಗದದ ಮೇಲಿದೆ. 2025ರ ಫೆಬ್ರುವರಿಯಲ್ಲಿ, ಬೆಳಗಿನ ಜಾವ, ಸ್ವಾರಗೇಟ್ ನಿಲ್ದಾಣದಲ್ಲಿ ನಿಂತಿದ್ದ ಸರ್ಕಾರಿ ಬಸ್ಸಿನೊಳಗೆ ಯುವತಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂಬ ದೂರು ಬಂದಾಗ ಊರು ಕೇಳಿದ್ದು ಸರಳ ಪ್ರಶ್ನೆ: ಅಷ್ಟು ದೊಡ್ಡ ನಿಲ್ದಾಣದಲ್ಲಿ ಆ ಬಸ್ಸು ಯಾಕೆ ಕತ್ತಲೆಯಲ್ಲಿತ್ತು, ಯಾಕೆ ತೆರೆದಿತ್ತು? ಅಂಥ ಸುದ್ದಿಯ ಬೆನ್ನಿಗೇ ಆತ್ಮರಕ್ಷಣೆಯ ಸಾಮಾನುಗಳ ಪಟ್ಟಿಗಳು ಫೋನಿನಿಂದ ಫೋನಿಗೆ ಹರಿದಾಡತೊಡಗುತ್ತವೆ. ಪ್ರಶ್ನೆ ನಿಲ್ದಾಣದ್ದು, ಖರ್ಚು ಪ್ರಯಾಣಿಕಳದು.

ಪುಣೆ ಜಿಲ್ಲೆಯಲ್ಲಿ ಟಾರ್ಚು ನಿಜವಾಗಿ ಜೀವ ಕಾಯುವ ಜಾಗ ಊರಿನಿಂದ ಉತ್ತರಕ್ಕಿದೆ. ಜುನ್ನರ್, ಅಂಬೇಗಾಂವ್, ಖೇಡ್, ಶಿರೂರ್ ತಾಲ್ಲೂಕುಗಳಲ್ಲಿ ಅಣೆಕಟ್ಟುಗಳ ನೀರು ಬಂದ ಮೇಲೆ ಕಬ್ಬು ಹಬ್ಬಿತು, ಕಬ್ಬಿನಲ್ಲಿ ಚಿರತೆ ಮನೆಮಾಡಿತು. ಮರಿ ಹುಟ್ಟುವುದೂ ಬೆಳೆಯುವುದೂ ಅಲ್ಲೇ. 2001ರಿಂದ 2003ರವರೆಗೆ ಜುನ್ನರಿನಲ್ಲಿ ಜನರ ಮೇಲಿನ ದಾಳಿ ಏಕಾಏಕಿ ಹೆಚ್ಚಿತು. ಹಿಡಿದ ಚಿರತೆಗಳನ್ನು ಬೇರೆಡೆಗೆ ಒಯ್ದು ಬಿಟ್ಟದ್ದೇ ದಾಳಿಗಳನ್ನು ಹೆಚ್ಚಿಸಿರಬಹುದೆಂದು ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನ ಹೇಳಿತು. 2025ರ ಅಕ್ಟೋಬರ್–ನವೆಂಬರಿನಲ್ಲಿ ಶಿರೂರಿನ ಪಿಂಪರಖೇಡ್ ಭಾಗದಲ್ಲಿ ಕೆಲವೇ ವಾರಗಳಲ್ಲಿ ಮೂವರು ಸತ್ತರು. ಹೊಲಕ್ಕೆ ಹೋಗುವ ಹೆಂಗಸರು ಕೊರಳಿಗೆ ಮೊಳೆಯ ಪಟ್ಟಿ ಕಟ್ಟಿಕೊಂಡ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಕುರಿ ಕಾಯುವ ನಾಯಿಗೆ ಕಟ್ಟುವ ಪಟ್ಟಿಯಂಥದೇ.

ಅಲ್ಲಿನ ರೈತ ರಾತ್ರಿ ಹೊಲಕ್ಕೆ ಹೋಗುವುದು ಪಂಪಿನ ಕರೆಂಟು ಬರುವುದು ರಾತ್ರಿ ಎಂಬ ಕಾರಣಕ್ಕೆ. ಮೂರು ಫೇಸಿನ ಈ ಸರದಿ ಕರ್ನಾಟಕದ ಯಾವ ರೈತನಿಗೂ ಬಿಡಿಸಿ ಹೇಳಬೇಕಿಲ್ಲ. ಹಗಲಲ್ಲಿ ಕರೆಂಟು ಕೊಡಲೆಂದು 2017ರಲ್ಲಿ ಮಹಾರಾಷ್ಟ್ರ ಸೌರವಿದ್ಯುತ್ತಿನ ಯೋಜನೆ ಆರಂಭಿಸಿತು. ಅದು ಮುಟ್ಟಿದ ಕಡೆ ರಾತ್ರಿಯ ತಿರುಗಾಟ ತಪ್ಪಿದೆ. ಮುಟ್ಟದ ಕಡೆ ಅರಣ್ಯ ಇಲಾಖೆಯ ಸಲಹೆ ಹಳೆಯದೇ: ಒಬ್ಬರೇ ಹೋಗಬೇಡಿ, ಬಗ್ಗಿ ಕೂರಬೇಡಿ, ಕೋಲು ಹಿಡಿಯಿರಿ, ಸದ್ದು ಮಾಡಿ, ಬ್ಯಾಟರಿ ಇರಲಿ. ಕೊಳಕುಮಂಡಲ ಹಾವಿಗೂ ಬ್ಯಾಟರಿಯೇ ಮದ್ದು. ಬೆಳಕನ್ನು ದೂರಕ್ಕಲ್ಲ, ಮುಂದಿನ ಹೆಜ್ಜೆಗೆ ಬಿಡಬೇಕು ಅಷ್ಟೇ. ಹಾಗಾಗಿ ಸರದಿ ಬಂದ ರಾತ್ರಿ ಒಬ್ಬರು ಮೋಟರು ಹಾಕಲು ಹೋದರೆ ಇನ್ನೊಬ್ಬರು ಬದುವಿನ ಮೇಲೆ ನಿಂತು ಕಬ್ಬಿನ ಸಾಲುಗಳ ಮೇಲೆ ಬೆಳಕು ಆಡಿಸುತ್ತಾರೆ, ಜೇಬಿನ ಮೊಬೈಲಿನಲ್ಲಿ ಜೋರಾಗಿ ಹಾಡು ಹಚ್ಚಿರುತ್ತಾರೆ. ಸಾಲಿನ ಕೊನೆಗೆ ನೀರು ಮುಟ್ಟುವವರೆಗೆ ಹೀಗೇ ನಿಂತಿರಬೇಕು.