ಅಳಿಸಿ ಬರೆಯುವವರ ಕಡತ

ನಮ್ಮ ಮನೆಯ ಅಟ್ಟದಲ್ಲಿ ಮುತ್ತಜ್ಜನ ಕಡತವೊಂದಿದೆ. ಮಳೆಗಾಲ ಮುಗಿದು ಮಲೆನಾಡಿನಲ್ಲಿ ಬಿಸಿಲು ಬಿದ್ದ ಮೇಲೆ ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ, ಜಗಲಿಯ ಮೇಲೆ ಮಡಿಕೆ ಬಿಡಿಸುತ್ತೇನೆ. ಎರಡೂ ತುದಿಗೆ ಮರದ ಹಲಗೆ, ನಡುವೆ ಕಪ್ಪು ಬಟ್ಟೆ, ಅದರ ಮೇಲೆ ಬೂದುಬಿಳಿ ಅಕ್ಷರ. ಅಡಿಕೆಯ ತೂಕ, ಗಾಡಿ ಬಾಡಿಗೆ, ಕೊಟ್ಟ ಸಾಲ, ಬಂದ ಬಾಕಿ.

ನಾನೂ ದಿನಾ ಬರೆಯುವವನು. ಮೂವತ್ತು ವರ್ಷಗಳಿಂದ ಬೆಳಗಿನ ಕಾಫಿಗೆ ಮುಂಚೆ ಉದ್ದ ನೋಟ್‌ಬುಕ್ಕಿನಲ್ಲಿ ಒಂದು ಪುಟ, ಅದೂ ಪೆನ್ಸಿಲಿನಲ್ಲಿ. ಆದರೆ ನಾಲ್ಕು ಜನ ಓದುವ ಹಾಗೆ ಹೊರಗೆ ಕೊಡಲು ಕೈ ಹಿಂಜರಿಯುತ್ತದೆ. ಒಮ್ಮೆ ಅಚ್ಚಾದರೆ ತಿದ್ದಲಾಗದು ಎಂಬ ಭಯ. "ಅಪ್ಪಯ್ಯ, ಇಷ್ಟು ಬರ್ದು ಯಾರಿಗೂ ತೋರ್ಸದೆ ಇದ್ರೆ ಹ್ಯಾಗೆ?" ಎಂದು ಮಗಳು ಕೇಳುತ್ತಲೇ ಇರುತ್ತಾಳೆ. ಅವಳಿಗೆ ಕೊಡಬೇಕಾದ ಉತ್ತರವನ್ನು ನಾನು ಈ ಕಡತದಲ್ಲಿ ಹುಡುಕುತ್ತ ಬಂದಿದ್ದೇನೆ.

ಕಡತ ಮಾಡುವುದು ತಾಳ್ಮೆಯ ಕೆಲಸ. ಹುಣಿಸೆ ಬೀಜ ಅರೆದು ಕಾಯಿಸಿದ ಅಂಟಿಗೆ ಇದ್ದಿಲ ಪುಡಿ ಕಲಸಿ, ಹತ್ತಿ ಬಟ್ಟೆಯ ಎರಡೂ ಮೈಗೆ ಬಳಿದು ಒಣಗಿಸಬೇಕು. ಆಮೇಲೆ ಕತ್ತರಿಸದೆ ಸಮನಾಗಿ ಮಡಿಚಬೇಕು. 1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಹೊಣೆ ಹೊತ್ತಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಮೈಸೂರು ಸೀಮೆಯ ವರ್ತಕರೂ ಅಂಗಡಿಯವರೂ ಆಗ ಇದರಲ್ಲೇ ಲೆಕ್ಕ ಬರೆಯುತ್ತಿದ್ದರು. ಸಾಕ್ಷಿ ಹಾಕಿಸಿ ವರ್ತಕನ ಕಡತದಲ್ಲಿ ಬರೆದ ಸಾಲಪತ್ರವೊಂದನ್ನು ಪುರಾವೆಯಾಗಿ ಒಪ್ಪಿಕೊಂಡದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಹಾಗೆಂದು ಎಲ್ಲರೂ ಕಡತವನ್ನು ನಂಬಲಿಲ್ಲ. ಸರ್ಕಾರಿ ಲೆಕ್ಕಕ್ಕೆ ಅದನ್ನು ಬಳಸಕೂಡದೆಂದು ಟಿಪ್ಪು ಸುಲ್ತಾನ್ ನಿಷೇಧಿಸಿದ್ದ. ಕೈಯಿಂದ ಒರೆಸಿದರೆ ಅಂಕಿ ಹೋಗುತ್ತದೆ, ಮೋಸಕ್ಕೆ ದಾರಿಯಾಗುತ್ತದೆ. ಈ ದೋಷವನ್ನು ವಿಲ್ಕ್ಸ್ ಕೂಡ ಒಪ್ಪುತ್ತಾನೆ. ಆದರೆ ಬಾಳಿಕೆಯಲ್ಲಿ ಕಲ್ಲು, ತಾಮ್ರ ಬಿಟ್ಟರೆ ಇದಕ್ಕೆ ಸಮನಾದದ್ದು ಈ ದೇಶದಲ್ಲಿ ಇಲ್ಲ ಎನ್ನುತ್ತಾನೆ. ಶೃಂಗೇರಿ ಮಠದಲ್ಲಿ ಉಳಿದು ಬಂದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಧಾರವಾಗಿವೆ. ಸುಲಭವಾಗಿ ಅಳಿಸಬಹುದಾದ ಬರಹವೇ ಇಷ್ಟು ಕಾಲ ಉಳಿಯಿತು.

ಅದರಲ್ಲಿ ಬರೆಯುತ್ತಿದ್ದುದು ಬಳಪದಿಂದ. ಬಳಪದ ಕಲ್ಲಿನ ಗುಣವೇ ಮೃದುತ್ವ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲವೂ ಇಂಥ ಕಲ್ಲಿನದೇ. ಆ ಮೃದುತ್ವದಿಂದಲೇ ಉಳಿಗೆ ಅಷ್ಟು ನವುರಾದ ಕುಸುರಿ ಸಾಧ್ಯವಾಯಿತು. ಒಂದೇ ಬಗೆಯ ಕಲ್ಲು ಶಿಲ್ಪಿಯ ಕೈಯಲ್ಲಿ ಒಂಬೈನೂರು ವರ್ಷ ನಿಂತಿತು, ಅಂಗಡಿಯವನ ಕೈಯಲ್ಲಿ ಸಂಜೆಯ ಹೊತ್ತಿಗೆ ಅಳಿಸಿಹೋಗುವ ಲೆಕ್ಕವಾಯಿತು.

ಕಾಗದದ ಪುಸ್ತಕ ಅಗ್ಗವಾದ ಮೇಲೆ ಕಡತ ಅಟ್ಟ ಸೇರಿತು, ಹೆಸರು ಮಾತ್ರ ಕಚೇರಿಯ ಫೈಲಿಗೆ ಉಳಿಯಿತು. ಇಂದು ಕಡತ ವಿಲೇವಾರಿ ಎನ್ನುವವರ ಕಣ್ಣ ಮುಂದೆ ಆ ಕಪ್ಪು ಬಟ್ಟೆ ಬರುವುದಿಲ್ಲ. ನನಗೆ ಅದು ನೋವಿನ ಸಂಗತಿ.

ಮುತ್ತಜ್ಜನ ಕಡತದ ಏಳನೆಯ ಮಡಿಕೆಯಲ್ಲಿ ಒಬ್ಬರ ಹೆಸರಿನ ಮುಂದೆ ಸಾಲದ ಮೊತ್ತವಿದೆ. ಬಿಸಿಲಿಗೆ ಓರೆಯಾಗಿ ಹಿಡಿದರೆ ಅದರ ಕೆಳಗೆ ಒರೆಸಿದ ಹಳೆಯ ಅಂಕಿ ಮಸುಕಾಗಿ ಕಾಣುತ್ತದೆ. ಹಳೆಯದು ದೊಡ್ಡದು, ಹೊಸದು ಚಿಕ್ಕದು. ಸ್ವಲ್ಪ ತೀರಿತ್ತೋ, ಬಡತನ ನೋಡಿ ಬಿಟ್ಟುಕೊಟ್ಟರೋ, ಹೇಳುವವರು ಯಾರೂ ಉಳಿದಿಲ್ಲ. ಆದರೆ ತಿದ್ದಬೇಕಾಗಬಹುದೆಂದು ಅವರು ಬರೆಯದೆ ಕೂರಲಿಲ್ಲ. ಬರೆದರು, ಕಾಲ ಬಂದಾಗ ತಿದ್ದಿದರು, ಎರಡೂ ಉಳಿದವು.

ಇದನ್ನೂ ಪೆನ್ಸಿಲಿನಲ್ಲೇ ಬರೆದಿದ್ದೇನೆ. ಅಳಿಸಿದ ಗುರುತು ಅಲ್ಲಲ್ಲಿ ಹಾಗೇ ಇದೆ. ಪುಟ ಹರಿದು ಮಗಳ ಕೈಗೆ ಕೊಟ್ಟಿದ್ದೇನೆ.